ಹೊಸಬರಿಗೆ ಪಿಸ್ತೂಲು ಕಲಿಸುವುದು: ಮೊದಲ ದಿನದ ಟಿಪ್ಪಣಿ

ಅಮೆರಿಕದಲ್ಲಿ ಆತ್ಮರಕ್ಷಣೆಗೆ ಅಂತ ಪಿಸ್ತೂಲು ಕೊಂಡವರು ಮೊದಲ ತರಗತಿಗೆ ಬರುವಾಗ ಹೋಲ್‌ಸ್ಟರ್‌ನಿಂದ ಸರಕ್ಕನೆ ತೆಗೆದು ಹಾರಿಸುವುದನ್ನು ಕಲಿಯುವ ಆಸೆ ಇಟ್ಟುಕೊಂಡಿರುತ್ತಾರೆ. ಅದನ್ನು ಮೊದಲ ದಿನ ಕಲಿಸಬಾರದು. ಆ ದಿನ ಕಲಿಸಬೇಕಾದದ್ದು ಬೆರಳಿನ ಶಿಸ್ತು. ರೇಂಜ್‌ನಲ್ಲಿ, ಅಂದರೆ ಗುಂಡು ಹಾರಿಸುವ ಅಭ್ಯಾಸದ ಜಾಗದಲ್ಲಿ, ಸಹಾಯಕರಾಗಿ ನಿಂತು ಕಲಿಸಲು ತಯಾರಾಗುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ.

ನಾಲ್ಕು ನಿಯಮ

ಬಂದೂಕು ಸುರಕ್ಷತೆಯ ಈ ನಿಯಮಗಳನ್ನು ಈಗಿನ ರೂಪಕ್ಕೆ ತಂದು ಹರಡಿದವರು ಜೆಫ್ ಕೂಪರ್. ಅಮೆರಿಕದ ಮರೀನ್ ಪಡೆಯಲ್ಲಿದ್ದವರು, 1976ರಲ್ಲಿ ಅರಿಝೋನಾದಲ್ಲಿ ಗನ್‌ಸೈಟ್ ತರಬೇತಿ ಶಾಲೆ ತೆರೆದವರು. ಎಲ್ಲ ಬಂದೂಕಿನಲ್ಲೂ ಗುಂಡಿದೆ ಅಂತಲೇ ತಿಳಿಯಿರಿ. ಏನು ನಾಶವಾದರೂ ಪರವಾಗಿಲ್ಲವೋ ಅದರ ಕಡೆಗೆ ಮಾತ್ರ ನಳಿಗೆ ತಿರುಗಿಸಿ. ಸೈಟ್ (ಪಿಸ್ತೂಲಿನ ಮೇಲಿರುವ, ಗುರಿ ಹಿಡಿಯುವ ಗುರುತು) ಗುರಿಯ ಮೇಲೆ ಕೂರುವ ತನಕ ಬೆರಳು ಟ್ರಿಗರ್‌ನಿಂದ ಹೊರಗಿರಲಿ. ಗುರಿ ಯಾವುದು, ಅದರ ಹಿಂದೆ ಏನಿದೆ ಅಂತ ಖಚಿತ ಮಾಡಿಕೊಳ್ಳಿ.

ಇವನ್ನು ಬಾಯಿಪಾಠ ಮಾಡಿಸಿದರೆ ಸಾಲದು. ಹೊಸಬರು ಮಾತಾಡಲು ಹಿಂದಕ್ಕೆ ತಿರುಗಿದಾಗ ಕೈಯಲ್ಲಿರುವ ಪಿಸ್ತೂಲೂ ಜೊತೆಗೇ ತಿರುಗುತ್ತದೆ. ಹೆಚ್ಚಿನ ತಪ್ಪು ಆಗುವುದು ಈ ಹೊತ್ತಿನಲ್ಲೇ. ಹಾಗಾಗಿ ಅವರ ಕೈಗೆ ಒಂದು ಮೊಳ ದೂರದಲ್ಲೇ ನಿಲ್ಲಿ. ಪ್ರಶ್ನೆ ಕೇಳುವ ಮೊದಲು ಪಿಸ್ತೂಲನ್ನು ಟೇಬಲ್ ಮೇಲೆ ಇಡುವ ಅಭ್ಯಾಸ ಮಾಡಿಸಿ.

ಯಾವ ಪಿಸ್ತೂಲು

ಸಾಧ್ಯವಾದರೆ ಸಣ್ಣ ಗುಂಡಿನ .22 ಪಿಸ್ತೂಲಿನಿಂದ ಶುರು ಮಾಡಿ. ಸದ್ದು ಕಡಿಮೆ, ಒದೆತ ಇನ್ನೂ ಕಡಿಮೆ. ಜೇಬಿಗೆ ಹಿಡಿಸುವ ಪುಟ್ಟ 9 ಎಂಎಂ ಪಿಸ್ತೂಲು ಹೊಸಬರಿಗೆ ಸುಲಭ ಅನ್ನುವುದು ತಪ್ಪು ಕಲ್ಪನೆ. ಅದೇ ಗುಂಡಿಗೆ ಹಗುರವಾದ ಪಿಸ್ತೂಲೇ ಜಾಸ್ತಿ ಒದೆಯುತ್ತದೆ. ಪಿಸ್ತೂಲಿನ ಸದ್ದು ಕಿವಿಗೆ ಅಪಾಯವಾಗುವ 140 ಡೆಸಿಬೆಲ್ ಮಟ್ಟವನ್ನು ದಾಟುತ್ತದೆ. ಒಳಾಂಗಣ ರೇಂಜ್‌ನಲ್ಲಿ ಇಯರ್‌ಪ್ಲಗ್, ಅದರ ಮೇಲೆ ಇಯರ್‌ಮಫ್ ಎರಡೂ ಇರಲಿ. ಕಣ್ಣಿಗೆ ಕನ್ನಡಕ ಕಡ್ಡಾಯ.

ಹಿಡಿತ ಮತ್ತು ನಿಲುವು

1950ರ ದಶಕದಲ್ಲಿ ಸೊಂಟದ ಮಟ್ಟದಿಂದ ಒಂದೇ ಕೈಯಲ್ಲಿ ಹಾರಿಸುವವರು ಬಹಳ ಮಂದಿ ಇದ್ದರು. ಲಾಸ್ ಏಂಜಲೀಸ್ ಕೌಂಟಿಯ ಶೆರಿಫ್ ಇಲಾಖೆಯ ಜ್ಯಾಕ್ ವೀವರ್ ಎರಡೂ ಕೈಯಲ್ಲಿ ಹಿಡಿದು, ಕಣ್ಣಿನ ಮಟ್ಟಕ್ಕೆ ಎತ್ತಿ, ಸೈಟ್ ನೋಡಿ ಹಾರಿಸಿ ಸ್ಪರ್ಧೆ ಗೆಲ್ಲತೊಡಗಿದ ಮೇಲೆ ಅದು ಬದಲಾಯಿತು. ಅವರ ನಿಲುವಿನಲ್ಲಿ ಒಂದು ಕೈ ಮುಂದಕ್ಕೆ ತಳ್ಳುತ್ತದೆ, ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಎರಡೂ ತೋಳು ಸಮವಾಗಿ ಮುಂದೆ ಚಾಚುವ ಐಸೋಸೆಲಿಸ್ ನಿಲುವು ಆಮೇಲೆ ಹೆಚ್ಚು ಬಳಕೆಗೆ ಬಂತು. ಹೊಸಬರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ನೆನಪಿಡಬೇಕಾದದ್ದು ಕಡಿಮೆ. ಮೈ ಸ್ವಲ್ಪ ಮುಂದಕ್ಕೆ ಬಾಗಿರಲಿ. ಹೊಸಬರು ಸದ್ದಿಗೆ ಹೆದರಿ ಹಿಂದಕ್ಕೇ ವಾಲುತ್ತಾರೆ. ಗುಂಡು ಹಾರಿದಾಗ ಹಿಂದೆ ಸರಿಯುವ ಪಿಸ್ತೂಲಿನ ಮೇಲ್ಭಾಗಕ್ಕೆ ಸ್ಲೈಡ್ ಅನ್ನುತ್ತಾರೆ. ಹೆಬ್ಬೆರಳು ಸ್ಲೈಡ್‌ನ ಹಿಂದೆ ಅಡ್ಡ ಬರಬಾರದು. ಬಂದರೆ ಸ್ಲೈಡ್ ಹಿಂದೆ ಸರಿದಾಗ ಚರ್ಮ ಸೀಳುತ್ತದೆ.

ಟ್ರಿಗರ್, ಬೆಚ್ಚುವಿಕೆ

ಇಲ್ಲಿ ಸಮಯ ಕೊಡಿ. ಕಣ್ಣು ಒಮ್ಮೆಗೆ ಒಂದೇ ದೂರವನ್ನು ಸ್ಪಷ್ಟವಾಗಿ ನೋಡಬಲ್ಲದು. ನಳಿಗೆಯ ತುದಿಯ ಕಡೆ ಇರುವ ಫ್ರಂಟ್ ಸೈಟ್ ಸ್ಪಷ್ಟವಾಗಿರಲಿ, ಗುರಿ ಮಸುಕಾದರೂ ಚಿಂತೆಯಿಲ್ಲ. ಇಷ್ಟನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಆದರೂ ಬಲಗೈಯವರ ಗುಂಡು ಗುರಿಯ ಕೆಳಗೆ ಎಡಕ್ಕೇ ಬೀಳುತ್ತಿರುತ್ತದೆ. ಆಗ ಅವರು ಸೈಟ್ ಸರಿಯಿಲ್ಲ ಅನ್ನುತ್ತಾರೆ. ಸಾಮಾನ್ಯವಾಗಿ ಸೈಟ್ ಸರಿಯಾಗೇ ಇರುತ್ತದೆ. ಸದ್ದು ಬರುತ್ತದೆ ಅಂತ ಮೈಗೆ ಗೊತ್ತು. ಅದಕ್ಕೇ ಗುಂಡು ಹಾರುವ ಮೊದಲೇ ಇಡೀ ಅಂಗೈ ಬಿಗಿಯುತ್ತದೆ, ಮಣಿಕಟ್ಟು ಕೆಳಕ್ಕೆ ಒತ್ತುತ್ತದೆ.

ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ತೋರಿಸಬೇಕು. ಮ್ಯಾಗಜೀನನ್ನು (ಗುಂಡು ತುಂಬುವ ಪೆಟ್ಟಿಗೆ) ನೀವೇ ತುಂಬಿ. ನಿಜ ಗುಂಡುಗಳ ನಡುವೆ ಒಂದೆರಡು ಡಮ್ಮಿ ಗುಂಡು (ಸಿಡಿಯದ ನಕಲಿ ಗುಂಡು) ಸೇರಿಸಿ. ಎಲ್ಲಿ ಅಂತ ಅವರಿಗೆ ಗೊತ್ತಾಗಬಾರದು. ಎರಡು ಸಲ ಢಂ ಅನ್ನುತ್ತದೆ. ಮೂರನೆಯದಕ್ಕೆ ಬರೀ ಟಿಕ್. ಆದರೆ ನಳಿಗೆಯ ತುದಿ ಕಣ್ಣೆದುರೇ ಎರಡು ಬೆರಳಿನಷ್ಟು ಕೆಳಕ್ಕೆ ಕುಸಿಯುತ್ತದೆ. ತಮ್ಮ ಕೈ ಮಾಡಿದ್ದನ್ನು ಅವರೇ ನೋಡುತ್ತಾರೆ. ಆಗ ನಗಬೇಡಿ, ಗದರಬೇಡಿ. ಇದು ಪುಕ್ಕಲುತನ ಅಲ್ಲ, ದೊಡ್ಡ ಸದ್ದಿಗೆ ಮೈ ತಾನಾಗಿ ಕೊಡುವ ಉತ್ತರ. ಟಿಕ್ ಅಂದ ಮೇಲೂ ನಳಿಗೆ ಗುರಿಯ ಕಡೆಗೇ ಇರಲಿ, ನೀವು ಹೇಳುವ ತನಕ ಅವರು ಏನೂ ಮಾಡಬಾರದು. ಅದು ಡಮ್ಮಿಯೇ ಆಗಿರಬೇಕೆಂದಿಲ್ಲ, ತಡವಾಗಿ ಸಿಡಿಯುವ ಗುಂಡೂ ಇರಬಹುದು.

ಹೇಳಬೇಕಾದ ಮಾತು ಒಂದೇ: "ಒತ್ತುತ್ತಾ ಹೋಗಿ, ಯಾವಾಗ ಹಾರುತ್ತದೆ ಅಂತ ಕಾಯಬೇಡಿ." ಗುಂಡು ಹಾರಿದ ಮೇಲೆ ಟ್ರಿಗರನ್ನು ಹಿಂದಕ್ಕೇ ಹಿಡಿದು, ಸೈಟ್ ಮತ್ತೆ ಗುರಿಗೆ ಬಂದಾಗ ನಿಧಾನವಾಗಿ ಬಿಡಲಿ. ಮೂರು ಗಜ ದೂರದಿಂದ ಶುರು ಮಾಡಿ. ಗುಂಡುಗಳು ಒಂದೇ ಕಡೆ ಗುಂಪಾಗಿ ಬೀಳತೊಡಗಿದರೆ ಮಾತ್ರ ಏಳು ಗಜಕ್ಕೆ ಹೋಗಿ. ಕೈ ನಡುಗತೊಡಗಿದರೆ ಅವತ್ತಿಗೆ ನಿಲ್ಲಿಸಿ. ದಣಿದ ಕೈ ಕೆಟ್ಟ ಅಭ್ಯಾಸವನ್ನೇ ಕಲಿಯುತ್ತದೆ.

ಮನೆ ಅಭ್ಯಾಸ

ಖಾಲಿ ಪಿಸ್ತೂಲಿನಲ್ಲಿ ಟ್ರಿಗರ್ ಅಭ್ಯಾಸ ಮಾಡಿದರೆ ತುಂಬಾ ಲಾಭ. ಗುಂಡುಗಳು ಬೇರೆ ಕೋಣೆಯಲ್ಲಿರಲಿ. ಚೇಂಬರನ್ನು (ಹಾರುವ ಮೊದಲು ಗುಂಡು ಕೂರುವ ಜಾಗ) ಕಣ್ಣಿನಿಂದಲೂ ನೋಡಿ, ಬೆರಳಿನಿಂದಲೂ ಮುಟ್ಟಿ. ಗುರಿ ಇಡುವ ಗೋಡೆ ಗುಂಡು ತಡೆಯುವಂಥದ್ದಾಗಿರಬೇಕು. ಅಭ್ಯಾಸ ಮುಗಿಯಿತು ಅಂತ ಬಾಯಿಬಿಟ್ಟು ಹೇಳಿ, ಪಿಸ್ತೂಲನ್ನು ತಕ್ಷಣ ಬೀಗ ಹಾಕಿ ಇಡಿ. "ಇನ್ನೊಂದೇ ಸಲ" ಅಂತ ಮತ್ತೆ ಎತ್ತುವಾಗಲೇ ಅನಾಹುತ ಆಗುವುದು.

ಯಾವಾಗ ಹಾರಿಸಬಹುದು ಅನ್ನುವ ಕಾನೂನು ಅಮೆರಿಕದ ಒಂದೊಂದು ರಾಜ್ಯದಲ್ಲೂ ಬೇರೆ ಬೇರೆ. ಅದಕ್ಕೆ ಪ್ರತ್ಯೇಕ ತರಗತಿಯೇ ಬೇಕು, ರೇಂಜ್‌ನಲ್ಲಿ ನಿಂತು ನಾಲ್ಕು ಮಾತಿನಲ್ಲಿ ಮುಗಿಸಬೇಡಿ.

ಕರ್ನಾಟಕದಲ್ಲಿ ಓದುತ್ತಿರುವವರಿಗೆ ಒಂದು ಮಾತು. ಭಾರತದಲ್ಲಿ 9 ಎಂಎಂ ನಾಗರಿಕರಿಗೆ ನಿಷೇಧಿತ ಬೋರ್ (ನಳಿಗೆಯ ಒಳಅಳತೆ). ಉಳಿದವಕ್ಕೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು. ಆದರೆ ಸೈಟ್ ನೋಡುವುದು, ಟ್ರಿಗರ್ ಒತ್ತುವುದು ಎರಡನ್ನೂ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಚೆನ್ನಾಗಿ ಕಲಿಯಬಹುದು. ಅದನ್ನು ಒಂದೇ ಕೈಯಲ್ಲಿ ಹಾರಿಸುತ್ತಾರೆ, ಒದೆತ ಇಲ್ಲವೆಂದೇ ಹೇಳಬಹುದು. ಅದರ ಟ್ರಿಗರ್‌ಗೆ ಸ್ಪರ್ಧೆಯ ನಿಯಮದ ಪ್ರಕಾರ ಕನಿಷ್ಠ 500 ಗ್ರಾಂ ಒತ್ತಡ ಸಾಕು, ರಕ್ಷಣೆಯ ಪಿಸ್ತೂಲುಗಳಿಗೆ ಎರಡು ಕಿಲೋಗಿಂತ ಜಾಸ್ತಿ ಬೇಕಾಗುವುದು ಸಾಮಾನ್ಯ. ಹಾಗಾಗಿ ಏರ್ ಪಿಸ್ತೂಲಿನಿಂದ ಬಂದವರಿಗೂ ಎರಡು ಕೈ ಹಿಡಿತವನ್ನೂ ಡಮ್ಮಿ ಗುಂಡಿನ ಪಾಠವನ್ನೂ ಮೊದಲಿನಿಂದಲೇ ಮಾಡಿಸಬೇಕು.