ಪಾವಗಡದ ಕರೆಂಟು ಪಾವಗಡಕ್ಕೆ ಸಿಗುವುದು ಹೇಗೆ?

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ರಾಯಚೆರ್ಲು ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ನಿಂತಿದೆ. ಆದರೂ ಪಾವಗಡದಲ್ಲಿ ಕರೆಂಟು ಹೋದಾಗಲೆಲ್ಲ ‘ನಮ್ಮಲ್ಲೇ ತಯಾರಾದದ್ದು ನಮಗೇ ಯಾಕಿಲ್ಲ?’ ಎಂಬ ಮಾತು ಬರುತ್ತದೆ.

ಮಾತು ಹಳೆಯದೇ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಹಳ್ಳಿಗಳ ಸರದಿ ಬರುವಷ್ಟರಲ್ಲಿ ದಶಕಗಳು ಕಳೆದಿದ್ದವು, ಬಾವಿಗಳು ಬತ್ತಿ ಕೊಳವೆಬಾವಿಗಳು ಬಂದಿದ್ದವು. ಪಾವಗಡದಲ್ಲಿ 2015ರಲ್ಲಿ ಪಾರ್ಕಿಗೆಂದೇ ಕಂಪನಿಯಾಯಿತು, 2018ರ ಮಾರ್ಚ್‌ನಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು, 2019ರ ಕೊನೆಗೆ ಕೆಲಸ ಮುಗಿಯಿತು. ಜಮೀನನ್ನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಆ ಜಮೀನುಗಳಿಗೆ ಕೂಲಿಗೆ ಹೋಗುತ್ತಿದ್ದವರ ಹೆಸರು ಯಾವ ಗುತ್ತಿಗೆ ಪತ್ರದಲ್ಲೂ ಇರಲು ಸಾಧ್ಯವಿರಲಿಲ್ಲ.

ಪಾರ್ಕಿನ ವಿದ್ಯುತ್ 220 ಕೆವಿಗೆ (ಕಿಲೋವೋಲ್ಟ್) ಏರಿ, ತಿರುಮಣಿಯ 400 ಕೆವಿ ಸ್ಟೇಷನ್ ಮೂಲಕ ದೊಡ್ಡ ಜಾಲ ಸೇರುತ್ತದೆ. ಊರಿಗೆ ಬರುವುದು 11 ಕೆವಿ ಫೀಡರ್, ಅಂದರೆ ಸಬ್‌ಸ್ಟೇಷನ್ನಿನಿಂದ ಹೊರಡುವ ಲೈನು. ಹಾಗಾಗಿ ಸ್ವಾವಲಂಬನೆಯ ಲೆಕ್ಕ ಹಾಕಬೇಕಾದ್ದು ಫೀಡರಿನಲ್ಲೇ.

ಒಂದು ಪಂಪ್‌ಸೆಟ್ ಫೀಡರಿನಲ್ಲಿ 5 ಎಚ್‌ಪಿಯ 200 ಮೋಟಾರುಗಳಿವೆ ಎಂದುಕೊಳ್ಳಿ. ದಿನಕ್ಕೆ ಏಳು ತಾಸು ಓಡಿದರೆ ಒಂದೊಂದಕ್ಕೆ 26 ಯೂನಿಟ್, ಒಟ್ಟು 5,200. ಈ ಸೀಮೆಯ ಬಿಸಿಲಿಗೆ ಒಂದು ಮೆಗಾವಾಟ್ ಘಟಕ ದಿನಕ್ಕೆ ಸರಾಸರಿ 4,000ದಿಂದ 4,500 ಯೂನಿಟ್ ಕೊಡುತ್ತದೆ. ಅಂದರೆ ಒಂದೂಕಾಲು ಮೆಗಾವಾಟ್, ಐದಾರು ಎಕರೆ ಸಾಕು. ಜಾಗ ಸಬ್‌ಸ್ಟೇಷನ್ನಿಗೆ ಹತ್ತಿರವಿರಬೇಕು, ದೂರವಾದಷ್ಟೂ ಲೈನಿನ ಖರ್ಚು, ಸೋರಿಕೆ ಎರಡೂ ಹೆಚ್ಚು. ಕೃಷಿ ಪಂಪ್‌ಗಳಿಗೆ ಸೋಲಾರ್ ಕೊಡುವ ಕೇಂದ್ರದ ಕುಸುಮ್ ಯೋಜನೆಯ ‘ಸಿ’ ಭಾಗ ಇದನ್ನೇ ಮಾಡುತ್ತದೆ. ಗೌರಿಬಿದನೂರು ತಾಲ್ಲೂಕಿನ ಹನುಮೇನಹಳ್ಳಿಯಲ್ಲಿ 2025ರಲ್ಲಿ ಇಂಥದ್ದೊಂದು ಶುರುವಾಯಿತು.

ಲೆಕ್ಕ ತಪ್ಪುವುದು ಮೋಟಾರಿನಲ್ಲಿ. ನೀರು ಆಳಕ್ಕಿಳಿದಂತೆ ದಾಖಲೆಯಲ್ಲಿ 5 ಎಚ್‌ಪಿ ಇದ್ದದ್ದು ಕೊಳವೆಬಾವಿಯೊಳಗೆ ಏಳೂವರೆ, ಹತ್ತು ಆಗಿರುತ್ತದೆ. ಬಹುತೇಕ ಪಂಪ್‌ಗಳಿಗೆ ಮೀಟರೂ ಇಲ್ಲ. 2008ರಿಂದ 10 ಎಚ್‌ಪಿವರೆಗಿನ ಪಂಪ್‌ಗಳಿಗೆ ಕರೆಂಟು ಉಚಿತವಾದ ಮೇಲೆ ಅಳೆಯುವ ಉಸಾಬರಿ ಯಾರಿಗೂ ಬೇಕಾಗಲಿಲ್ಲ. ಎಲ್ಲರೂ ಒಟ್ಟಿಗೆ ಸ್ಟಾರ್ಟರ್ ಒತ್ತಿದರೆ ವೋಲ್ಟೇಜ್ ಕುಸಿಯುತ್ತದೆ, ಟಿಸಿ (ಟ್ರಾನ್ಸ್‌ಫಾರ್ಮರ್) ಸುಡುತ್ತದೆ. ಫೀಡರ್ ಟ್ರಿಪ್ ಆದರೆ, ಎಷ್ಟೇ ಬಿಸಿಲಿದ್ದರೂ ಸೋಲಾರ್ ಇನ್ವರ್ಟರ್ ಕೂಡ ತಾನಾಗಿ ನಿಲ್ಲುತ್ತದೆ. ಲೈನ್ ರಿಪೇರಿಗೆ ಹತ್ತಿದ ಲೈನ್‌ಮ್ಯಾನ್ ಜೀವ ಉಳಿಯಲು ಅದು ಹಾಗೇ ಇರಬೇಕು.

ಪಟ್ಟಣದ ಚಾವಣಿ ಸೋಲಾರಿನದು ಬೇರೆ ತೊಡಕು. ಒಂದು ಕಿಲೋವಾಟ್‌ಗೆ ನೂರು ಚದರಡಿ ಸಾಕು, 3 ಕಿಲೋವಾಟ್‌ಗೆ ಕೇಂದ್ರದ ಸಬ್ಸಿಡಿ 78,000 ರೂಪಾಯಿ. ಆದರೆ 2023ರಿಂದ 200 ಯೂನಿಟ್‌ವರೆಗೆ ಬಿಲ್ಲೇ ಬಾರದ ಮನೆಯವರು ಉಳಿದ ದುಡ್ಡನ್ನು ಕೈಯಿಂದ ಯಾಕೆ ಹಾಕುತ್ತಾರೆ? ಹಾಕಿದವರು ಪ್ಯಾನೆಲನ್ನು ಕೊಳವೆಬಾವಿಯ ಗಡಸು ನೀರಿನಲ್ಲಿ ತೊಳೆದು ಒಣಗಲು ಬಿಟ್ಟರೆ ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಮಳೆನೀರು ಹಿಡಿದಿಟ್ಟು ಬೆಳಿಗ್ಗೆ, ಗಾಜು ಕಾಯುವ ಮೊದಲು ಒರೆಸುವುದು ಮೇಲು.

ಸದ್ಯಕ್ಕೆ ಸೋಲಾರಿಗೆ ಕೈಗೆಟಕುವುದು ಕುಡಿಯುವ ನೀರಿನ ಮೋಟಾರುಗಳು. ಅವುಗಳ ಓಟವನ್ನು ಬೆಳಿಗ್ಗೆ ಹತ್ತರಿಂದ ಮೂರರೊಳಗೆ ತಂದು ಟ್ಯಾಂಕ್ ತುಂಬಿಸಿಕೊಂಡರೆ ಬ್ಯಾಟರಿ ಬೇಡ. ಬೀದಿದೀಪಕ್ಕೆ ಮಾತ್ರ ಸಂಜೆ ಆರರ ನಂತರ ಬೆಸ್ಕಾಂ ಲೈನೇ ಗತಿ.