ಎರಡು ಕಣ, ಒಂದು ಗಡಿಯಾರ

ಚಿಕ್ಕಮಗಳೂರಿನ ತೋಟಗಳಲ್ಲಿ ಕಣ ಅಂದರೆ ಕಾಫಿ ಹಣ್ಣು ಒಣಗಿಸುವ ಜಾಗ. ಅಂಥ ಒಂದು ಕಣದಲ್ಲಿ ಮೊನ್ನೆ ಒಬ್ಬರು, "ರಾಹುಕಾಲ ಇದೆ ಅಂತ ಕ್ವಾಂಟಂ ವಿಜ್ಞಾನವೇ ಹೇಳ್ತದೆ" ಅಂದರು. ನನಗೆ ಬೇಸರವಾಯಿತು. ಕ್ವಾಂಟಂ ಅಂದರೆ ಪರಮಾಣು, ಎಲೆಕ್ಟ್ರಾನ್‌ಗಳಂಥ ಅತಿ ಸಣ್ಣ ಲೋಕದ ವಿಜ್ಞಾನ. ಅದು ಹಾಗೆ ಎಲ್ಲೂ ಹೇಳಿಲ್ಲ. ಹಾಸನದಿಂದ ಇಸ್ರೋ ನೋಡಿಕೊಳ್ಳುವ ನಾವಿಕ್ ಉಪಗ್ರಹಗಳಲ್ಲಿ (ನಮ್ಮದೇ ಜಿಪಿಎಸ್ ಅನ್ನಿ) ರುಬಿಡಿಯಂ ಪರಮಾಣುಗಳಿಂದ ಕಾಲ ಅಳೆಯುವ ಗಡಿಯಾರಗಳಿವೆ. ಆ ಪರಮಾಣುಗಳಿಗೆ ಒಳ್ಳೆ ಹೊತ್ತು, ಕೆಟ್ಟ ಹೊತ್ತು ಅಂತಿಲ್ಲ.

ಆದರೆ ಕ್ವಾಂಟಂನಲ್ಲಿ ಕಾಲದ ಕಥೆ ನಿಜಕ್ಕೂ ವಿಚಿತ್ರ. ಎಲೆಕ್ಟ್ರಾನ್ ಎಲ್ಲಿದೆ ಅನ್ನುವ ಪ್ರಶ್ನೆಗೆ ಅಲ್ಲಿನ ಗಣಿತದಲ್ಲಿ ಒಂದು ಆಪರೇಟರ್ ಇದೆ, ಅಂದರೆ ಅಳೆಯಬಹುದಾದ ಸಂಗತಿಯನ್ನು ಪ್ರತಿನಿಧಿಸುವ ಗಣಿತದ ಸಾಧನ. ಶಕ್ತಿಗೂ ಇದೆ. ಕಾಲಕ್ಕೆ ಮಾತ್ರ ಇಲ್ಲ. ಕೊಟ್ಟರೆ ಶಕ್ತಿಗೆ ತಳವೇ ಇಲ್ಲದಂತಾಗುತ್ತದೆ ಎಂದು 1933ರಲ್ಲಿ ಭೌತವಿಜ್ಞಾನಿ ಪೌಲಿ ವಾದಿಸಿದರು. ಎಲೆಕ್ಟ್ರಾನ್ ಎಲ್ಲೆಲ್ಲಿ ಸಿಗಬಹುದು ಅನ್ನುವುದನ್ನು ಕ್ವಾಂಟಂ ಒಂದು ಅಲೆಯಾಗಿ ಬರೆಯುತ್ತದೆ. ಆ ಅಲೆ ಹೇಗೆ ಬದಲಾಗುತ್ತದೆ ಅಂತ ಹೇಳುವ 1926ರ ಶ್ರೋಡಿಂಗರ್ ಸಮೀಕರಣದಲ್ಲಿ ಕಾಲ ಅನ್ನುವುದು ಹೊರಗೆ ಗೋಡೆಗೆ ತೂಗುಹಾಕಿದ ಗಡಿಯಾರ, ಅಷ್ಟೇ.

ಅಳೆದ ಕ್ಷಣದಲ್ಲಿ ಆ ಅಲೆ ಕುಸಿದು ಒಂದೇ ಉತ್ತರ ಉಳಿಯುತ್ತದೆ ಅನ್ನುತ್ತದೆ ಕೋಪನ್‌ಹೇಗನ್ ವ್ಯಾಖ್ಯಾನ. ಕುಸಿತವೇ ಇಲ್ಲ ಅಂದರು 1957ರಲ್ಲಿ ಭೌತವಿಜ್ಞಾನಿ ಎವರೆಟ್. ಜಗಳ ಏನೇ ಇರಲಿ, ಎರಡೂ ಕಡೆಯವರು ನೋಡುವುದು ಅದೇ ಗೋಡೆ ಗಡಿಯಾರವನ್ನು. ಇಡೀ ವಿಶ್ವವನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ ಹೊರಗೆ ಗೋಡೆ ಎಲ್ಲಿರುತ್ತದೆ? ಇಡೀ ವಿಶ್ವಕ್ಕೆ ಕ್ವಾಂಟಂ ಅನ್ವಯಿಸುವ 1967ರ ವೀಲರ್-ಡಿವಿಟ್ ಸಮೀಕರಣದಲ್ಲಿ ಕಾಲ ಕಾಣುವುದೇ ಇಲ್ಲ.

ಹಾಗಾದರೆ ನಮಗೆ ಕಾಲ ಕಾಣುವುದು ಹೇಗೆ? ನನಗೆ ತುಂಬಾ ಇಷ್ಟವಾದ ಉತ್ತರ 1983ರದು, ಭೌತವಿಜ್ಞಾನಿಗಳಾದ ಪೇಜ್ ಮತ್ತು ವೂಟರ್ಸ್ ಕೊಟ್ಟದ್ದು. ಮತ್ತೆ ಕಣಕ್ಕೇ ಬನ್ನಿ. ಮಂಜು ಮುಸುಕಿದೆ, ಸೂರ್ಯ ಇಲ್ಲ, ಕೈಯಲ್ಲಿ ವಾಚಿಲ್ಲ. ಆದರೂ ಕೆಲಸ ನಡೆಯುತ್ತದೆ, ಅಲ್ವಾ? ಮೊದಲ ಬಸ್ಸು ಬಂದಾಗ ಹಣ್ಣು ಹರಡಿದರು. ಎರಡನೇ ಬಸ್ಸು ಬಂದಾಗ ಕೈಯಾಡಿಸಿದರು. ಗಂಟೆ ಎಷ್ಟು ಅಂತ ಯಾರೂ ಕೇಳಲಿಲ್ಲ, ಬಸ್ಸೇ ಗಡಿಯಾರ. ಕಾಫಿಯೇ ಗಡಿಯಾರವೂ ಆಗಬಹುದು: ಹಿಡಿ ಹಣ್ಣು ತೆಗೆದು ಕುಲುಕಿದಾಗ ಒಳಗೆ ಗಲಗಲ ಅಂದರೆ ಒಣಗಿದೆ ಅಂತ. ಮದುವೆ ಆಲ್ಬಮ್ ಕೂಡ ಹಾಗೇ. ಆಲ್ಬಮ್ ಕಪಾಟಿನಲ್ಲಿ ಸುಮ್ನೆ ಬಿದ್ದಿರುತ್ತದೆ. ಧಾರೆಯ ಫೋಟೋದಲ್ಲಿ ಅಪ್ಪನ ಮುಖ ಹೇಗಿತ್ತು ಅಂತ ಹುಡುಕಿದರೆ ಮಾತ್ರ ಕಥೆ ನಡೆಯುತ್ತದೆ. ಪೇಜ್, ವೂಟರ್ಸ್ ಹೇಳಿದ್ದೂ ಇದನ್ನೇ: ವಿಶ್ವದ ಒಂದು ಭಾಗ ಗಡಿಯಾರ, ಉಳಿದದ್ದು ಅದಕ್ಕೆ ಹೊಂದಿಕೊಂಡು ಬದಲಾಗುವುದು. ಎರಡನ್ನೂ ಹೆಣೆದಿರುವುದು ಎಂಟ್ಯಾಂಗಲ್‌ಮೆಂಟ್, ಅಂದರೆ ಒಂದನ್ನು ಬಿಟ್ಟು ಇನ್ನೊಂದನ್ನು ಪೂರ್ತಿ ವಿವರಿಸಲಾಗದಂಥ ಕ್ವಾಂಟಂ ನಂಟು.

ಇದು ಬರೀ ಮಾತಲ್ಲ. 2013ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಎರಡು ಫೋಟಾನ್‌ಗಳನ್ನು, ಅಂದರೆ ಬೆಳಕಿನ ಕಣಗಳನ್ನು, ಹೀಗೆ ಹೆಣೆದು ಇದರ ಚಿಕ್ಕ ಮಾದರಿ ಮಾಡಿದರು. ಒಂದರ ಧ್ರುವೀಕರಣವೇ (ಬೆಳಕಿನ ಕಂಪನದ ದಿಕ್ಕು) ಗಡಿಯಾರದ ಮುಳ್ಳು. ಅದನ್ನು ನೋಡಿಕೊಂಡು ಇನ್ನೊಂದನ್ನು ಅಳೆದರೆ ಅದು ಬದಲಾಗುತ್ತಿತ್ತು. ಜೋಡಿಯನ್ನು ಒಟ್ಟಿಗೆ ಹೊರಗಿನಿಂದ ಅಳೆದರೆ ಏನೂ ಕದಲಿರಲಿಲ್ಲ.