ಗಣಿ ಅಗೆದೋರ ಠೇವಣಿ ಯಾವಾಗ ವಾಪಸ್ ಕೊಡ್ಬೇಕು?

ಬೆಂಗಳೂರಿಂದ ಬೆಳಿಗ್ಗೆ ಟ್ರೇನ್ ಹತ್ತಿ ಕೆಜಿಎಫ್‌ಗೆ ಹೋದ್ರೆ ಊರ ಪಕ್ಕದಲ್ಲೇ ಬೂದಿ ಬಣ್ಣದ ಗುಡ್ಡಗಳು ಕಾಣ್ತವೆ. ಅವು ಬೆಟ್ಟ ಅಲ್ಲ, ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿ, ಸೈನೈಡ್ ದಿಬ್ಬ ಅಂತಾರೆ, ಬೇಸಿಗೇಲಿ ಗಾಳಿ ಎದ್ರೆ ಆ ಪುಡಿ ಒಣಗಾಕಿದ ಬಟ್ಟೆ ಮೇಲೂ ಕೂರುತ್ತೆ. 3 ಕಿಲೋಮೀಟರ್‌ಗಿಂತ ಆಳ ಅಗೆದಿದ್ದ ಗಣೀನ 2001ರ ಫೆಬ್ರವರಿ 28ಕ್ಕೆ ಮುಚ್ಚಿದ್ರು. ಗಣಿ ಮುಚ್ಚೋ ಕೆಲಸಕ್ಕೆ ಮೊದಲೇ ಇಷ್ಟು ಠೇವಣಿ ಇಡ್ಲೇಬೇಕು ಅನ್ನೋ ನಿಯಮ ಆವಾಗಿನ್ನೂ ಬಂದಿರ್ಲಿಲ್ಲ.

ಬಂದಿದ್ದು 2003ರಲ್ಲಿ. ಗಣಿ ಹೇಗೆ ಮುಚ್ತೀವಿ ಅಂತ ಪ್ಲಾನ್ ಬರೆದು ಭಾರತೀಯ ಗಣಿ ಬ್ಯೂರೋದಿಂದ ಒಪ್ಪಿಗೆ ತಗೋಬೇಕು, ಜೊತೆಗೆ ಬ್ಯಾಂಕ್ ಗ್ಯಾರಂಟಿ ಥರ ಒಂದು ಭದ್ರತೆ ಇಡ್ಬೇಕು. ಎಷ್ಟು? ಯಂತ್ರ ಬಳಸೋ ದೊಡ್ಡ ಗಣಿಗೆ ಹೆಕ್ಟೇರಿಗೆ 25 ಸಾವಿರ, ಅಂದ್ರೆ 100 ಹೆಕ್ಟೇರ್ ಅಗೆದೋರು ಇಡ್ಬೇಕಿದ್ದಿದ್ದು ಬರೀ 25 ಲಕ್ಷ. ಅದಿರಿನ ರೇಟ್ ಗಗನಕ್ಕೇರಿದ್ದ ಟೈಮಲ್ಲಿ ಆ ದುಡ್ಡು ಹೋದ್ರೆ ಹೋಗ್ಲಿ ಅನ್ನೋಷ್ಟು ಚಿಕ್ಕದು, ನನ್ನ ಪ್ರಕಾರ ಇಡೀ ಎಡವಟ್ಟಿನ ಬೇರು ಇಲ್ಲೇ ಇದೆ. ವಾಪಸ್ ಬೇಕು ಅಂತ ಆಸೆ ಹುಟ್ಟಿಸದ ಠೇವಣಿ ಯಾರ ಕೈಲೂ ಗಿಡ ನೆಡಿಸಲ್ಲ.

ಆಮೇಲೆ ಬಳ್ಳಾರಿ. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸ್ತು, ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಲ್ಲೂ. ಸಂಡೂರು ಕಡೆ ಗಣಿ ತ್ಯಾಜ್ಯ ಸುರಿದ ಡಂಪಿಂದ ಮಳೆಗೆ ಜಾರಿದ ಕೆಂಪು ಮಣ್ಣು ಹಳ್ಳಕ್ಕಿಳಿದು ಅಲ್ಲಿಂದ ಹೊಲಕ್ಕೆ ಬಂದು ಕೂತಿತ್ತು, ಅದನ್ನ ತಡೆಯೋಕೆ ಚೆಕ್ ಡ್ಯಾಂ, ತಡೆಗೋಡೆ, ಡಂಪಿನ ಇಳಿಜಾರು ಸರಿ ಮಾಡೋದು ಎಲ್ಲಾ ಸೇರಿಸಿ ಒಂದೊಂದು ಲೀಸ್‌ಗೂ ಪುನಶ್ಚೇತನ ಪ್ಲಾನ್ ಮಾಡಿಸಿದ್ರು. ಲೀಸ್ ಗಡಿ ದಾಟಿ ಗುಂಡಿ ತೋಡಿದೋರಿಗೆ ಹೆಕ್ಟೇರಿಗೆ 5 ಕೋಟಿ ಪರಿಹಾರ ಹಾಕಿದ್ರು. ಈ ಹಣ, ಅದಿರು ಮಾರಾಟದ ಪಾಲು ಎಲ್ಲಾ ಖರ್ಚು ಮಾಡೋಕೆ ಅಂತ 2014ರಲ್ಲಿ ಬೆಂಗಳೂರಲ್ಲೇ ಒಂದು ನಿಗಮ ಆಯ್ತು, ಆದ್ರೆ ಗಣಿಯಿಂದ ಹಾಳಾದ ಜಾಗ ಸರಿ ಮಾಡೋ ಸುಮಾರು 25 ಸಾವಿರ ಕೋಟಿಯ ಯೋಜನೆಗೆ ಕೋರ್ಟ್ ದಾರಿ ಬಿಟ್ಟಿದ್ದು 2022ರಲ್ಲಿ. ಅಷ್ಟು ವರ್ಷ ಆ ಕೆಂಪು ನೀರು ಹರೀತಾನೇ ಇತ್ತಲ್ಲ, ಅದು ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ದೊಡ್ಡ ಗಣಿಯ ಠೇವಣಿ ರೇಟ್ 2017ರಲ್ಲಿ ಹೆಕ್ಟೇರಿಗೆ 3 ಲಕ್ಷ ಆಯ್ತು, 2021ರಲ್ಲಿ 5 ಲಕ್ಷ. ಸರಿ, ಆದ್ರೆ ಲೆಕ್ಕ ಹಾಕಿ: ಇವತ್ತು 100 ಹೆಕ್ಟೇರಿಗೆ ಇಡೋ ಭದ್ರತೆ 5 ಕೋಟಿ, ಕೋರ್ಟ್ ಒಂದೇ ಒಂದು ಹೆಕ್ಟೇರಿನ ಅಕ್ರಮ ಗುಂಡಿಗೆ ಹಾಕಿದ್ದೂ ಅಷ್ಟೇ. ಒಂದು ದಂಡದ ಥರ, ಇನ್ನೊಂದು ಠೇವಣಿ, ನಿಜ, ಆದ್ರೂ ಅಂತರ ನೋಡಿ.

ಇನ್ನು ವಾಪಸ್ ಕೊಡೋದು. ಕೊನೇ ಮುಚ್ಚುವ ಪ್ಲಾನ್ ಪ್ರಕಾರ ಕೆಲಸ ಆಗಿದೆ ಅಂತ ಸರ್ಟಿಫಿಕೇಟ್ ಸಿಕ್ಕ ಮೇಲೇ ಗ್ಯಾರಂಟಿ ಬಿಡುಗಡೆ, ಮಾಡಿಲ್ಲ ಅಂದ್ರೆ ನೋಟಿಸ್ ಕೊಟ್ಟು ಮುಟ್ಟುಗೋಲು. ನನ್ನ ಪ್ರಕಾರ ಆ ಸರ್ಟಿಫಿಕೇಟ್‌ಗೆ ಮುಂಚೆ ನಾಲ್ಕೈದು ಮಳೆಗಾಲನಾದ್ರೂ ಕಾಯ್ಬೇಕು, ಸಸಿ ನೆಟ್ಟ ದಿನದ ಫೋಟೋ ಸಾಕಾಗಲ್ಲ, ಇಳಿಜಾರು ನಿಂತಿದೆಯಾ, ಹಳ್ಳದ ನೀರು ತಿಳಿಯಾಗಿದೆಯಾ ಅಂತ ಕೆಳಗಿನ ಊರೋರನ್ನ ಕೇಳ್ಬೇಕು.

ಇದು ಬಳ್ಳಾರಿ ಮಾತು ಅಂತ ನಾವು ಬೆಂಗಳೂರೋರು ಸುಮ್ನಿರೋ ಹಾಗಿಲ್ಲ. ಕಟ್ಟಡದ ಕಲ್ಲು ಉಪಖನಿಜ, ಅಂದ್ರೆ ರಾಜ್ಯದ ನಿಯಮಕ್ಕೆ ಬರೋ ಖನಿಜ, ಈ ಕೇಂದ್ರದ ಠೇವಣಿ ನಿಯಮ ಅದಕ್ಕೆ ಬರಲ್ಲ. ನಮ್ಮ ಮನೆ, ಫ್ಲೈಓವರ್‌ಗೆಲ್ಲ ಜಲ್ಲಿ ಬರೋದು ಇಂಥ ಕ್ವಾರಿಗಳಿಂದ, ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯಲ್ಲಿ ಖಾಲಿ ಕ್ವಾರಿ ಗುಂಡಿಗೆ ನಗರದ ಕಸ ತುಂಬಿಸಿದ್ರು.